ಕರೆ ಬಂದದ್ದು ಅವರಿಗೆ, ಭಾಷೆ ಬರುವುದು ನನಗೆ

ಪ್ರಶ್ನೆ: ಸರ್, ನಾವು ಉಡುಪಿ ಕಡೆಯ ಪ್ರೊಟೆಸ್ಟಂಟ್ ಕುಟುಂಬದವರು. ನಾನು ಇಸ್ರೇಲಿನ ಹೈಫಾದಲ್ಲಿ ಆರು ವರ್ಷ ಕೇರ್‌ಗಿವರ್ ಆಗಿ ಕೆಲಸ ಮಾಡಿ ಎರಡು ವರ್ಷದ ಹಿಂದೆ ಊರಿಗೆ ಬಂದೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಯೆಹೂದ್ಯರು, ನನ್ನನ್ನು ಮನೆ ಮಗಳ ಹಾಗೆ ಕಂಡರು. ಅವರ ಮಗಳು ಈಗಲೂ ಶುಕ್ರವಾರ ಫೋನ್ ಮಾಡುತ್ತಾರೆ. ಹೀಬ್ರೂ ಮಾತಾಡಲು ನನಗೆ ಚೆನ್ನಾಗಿ ಬರುತ್ತದೆ. ಈಚೆಗೆ ನಮ್ಮ ಯಜಮಾನರು ಒಂದು ಕನ್ವೆನ್ಷನ್‌ಗೆ ಹೋಗಿ ಬಂದ ಮೇಲೆ, ಯೆಹೂದ್ಯರ ನಡುವೆ ಸುವಾರ್ತೆ ಸಾರಲು ದೇವರು ನಮ್ಮಿಬ್ಬರನ್ನೂ ಕರೆದಿದ್ದಾನೆ ಎನ್ನುತ್ತಿದ್ದಾರೆ. "ನೀನು ಮೊದಲು ಹಳೇ ಕೆಲಸಕ್ಕೇ ಹೋಗು, ಮನೆಯೊಳಗಿನಿಂದ ಶುರು ಮಾಡು, ನಾನು ಹಿಂದಿನಿಂದ ಬರ್ತೇನೆ" ಎಂಬುದು ಅವರ ಪ್ಲಾನ್. ಕರೆ ಬಂದದ್ದು ಅವರಿಗೆ, ಭಾಷೆ ಬರುವುದು ನನಗೆ. ನನಗೆ ಭಯವಾಗುತ್ತಿದೆ. ದೇವರ ಕರೆಗೆ ಅಡ್ಡ ಬಂದವಳು ಅನ್ನಿಸಿಕೊಳ್ಳಲೂ ಭಯ. ಹಿಂದೆ ಗಂಡಹೆಂಡತಿ ಸೇರಿ ಈ ಸೇವೆ ಮಾಡಿದವರು ಇದ್ದಾರಾ? ಅವರಿಗೆ ಏನಾಯಿತು? ನಾನು ಏನು ಮಾಡಲಿ? ಮಗನಿಗೆ ಒಂಬತ್ತು ವರ್ಷ. ಹೆಸರು ಹಾಕಬೇಡಿ.

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ ಸಹೋದರಿ, ಉಳಿದದ್ದು ಆಮೇಲೆ. ಕೇರ್‌ಗಿವರ್ ಆಗಿ ಹೋಗಿ, ಹಾಸಿಗೆ ಹಿಡಿದವರ ಮನೆಯೊಳಗೆ ಕೂತು ಸುವಾರ್ತೆ ಸಾರುವ ಯೋಚನೆಯನ್ನು ಇಬ್ಬರೂ ಬಿಟ್ಟುಬಿಡಿ. ನಿಮ್ಮ ಯಜಮಾನರಿಗೆ ಬಂದ ಕರೆ ನಿಜವೋ ಅಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬರುತ್ತೇನೆ. ಆದರೆ ಬಚ್ಚಲಿಗೆ ಹೋಗಲೂ ನಿಮ್ಮ ಹೆಗಲು ಹಿಡಿಯಬೇಕಾದ ಅಜ್ಜಿ, ನೀವು ಮತದ ಮಾತು ತೆಗೆದರೆ "ಬೇಡ ಮಗಳೇ" ಅಂತ ಯಾವ ಧೈರ್ಯದಲ್ಲಿ ಹೇಳಬೇಕು? ಮಾತ್ರೆ ಕೊಡುವವರು ನೀವೇ. ರಾತ್ರಿ ಕೂಗಿದರೆ ಎದ್ದು ಬರುವವರೂ ನೀವೇ. ಅವರು ತಲೆ ಆಡಿಸಿದರೆ ಅದು ಆಸಕ್ತಿಯೋ ಹೆದರಿಕೆಯೋ ನಿಮಗೂ ಗೊತ್ತಾಗುವುದಿಲ್ಲ. ಅವರಾಗಿಯೇ "ನೀನು ಏನು ನಂಬುತ್ತೀ?" ಎಂದು ಕೇಳಿ, ನೀವು ಇದ್ದದ್ದು ಇದ್ದ ಹಾಗೆ ಹೇಳಿದರೆ ಅದರಲ್ಲಿ ತಪ್ಪಿಲ್ಲ. ಆರು ವರ್ಷದಲ್ಲಿ ಹಾಗೆ ಎಷ್ಟೋ ಸಲ ಆಗಿರಬೇಕು, ಅಲ್ವಾ? ಅದಕ್ಕೂ "ಒಳಗಿನಿಂದ ಶುರು ಮಾಡು" ಎನ್ನುವುದಕ್ಕೂ ಅಜಗಜ ವ್ಯತ್ಯಾಸ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಒಂದು ಹಳೇ ಕಥೆ ಕಾರಣ. ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ಸುಮ್ಮನಾಗುತ್ತಿದ್ದರು. ಇಟಲಿಯ ಬೊಲೊನ್ಯಾ ಊರು, ಆಗ ಅಲ್ಲಿ ಪೋಪರದೇ ಆಡಳಿತ. ಮೊರ್ತಾರಾ ಎಂಬ ಯೆಹೂದ್ಯ ಕುಟುಂಬದಲ್ಲಿ ಅನ್ನಾ ಮೊರಿಸಿ ಎಂಬ ಕ್ಯಾಥೊಲಿಕ್ ಹುಡುಗಿ ಮನೆಗೆಲಸಕ್ಕಿದ್ದಳು. ಮನೆಯ ಕೂಸು ಎಡ್ಗಾರ್ಡೊಗೆ ಕಾಯಿಲೆಯಾಯಿತು. ಸತ್ತೇ ಹೋಗುತ್ತದೆ ಎಂದು ಹೆದರಿ, ಯಾರಿಗೂ ಹೇಳದೆ ಅದರ ತಲೆಗೆ ನೀರು ಚಿಮುಕಿಸಿ ತನಗೆ ತಿಳಿದ ಹಾಗೆ ದೀಕ್ಷಾಸ್ನಾನ ಮಾಡಿಸಿಬಿಟ್ಟಳು. ಕೂಸು ಬದುಕಿತು. ವರ್ಷಗಳ ಮೇಲೆ ಸುದ್ದಿ ಚರ್ಚಿನ ವಿಚಾರಣಾಧಿಕಾರಿಯ ಕಿವಿಗೆ ಬಿತ್ತು. ದೀಕ್ಷಾಸ್ನಾನ ಆದ ಮಗು ಯೆಹೂದ್ಯರ ಮನೆಯಲ್ಲಿ ಬೆಳೆಯಬಾರದು ಎಂಬುದು ಅಲ್ಲಿನ ಕಾನೂನು. 1858ರ ಜೂನ್‌ನಲ್ಲಿ ಪೊಲೀಸರು ಬಂದು ಆರು ವರ್ಷದ ಹುಡುಗನನ್ನು ಅಪ್ಪ ಅಮ್ಮನ ಕೈಯಿಂದ ಕಿತ್ತುಕೊಂಡು ಹೋದರು. ಯೂರೋಪು, ಅಮೆರಿಕ ಎಲ್ಲ ಕಡೆ ಗಲಾಟೆಯಾಯಿತು. ಒಂಬತ್ತನೇ ಪಿಯುಸ್ ಪೋಪ್ ಜಗ್ಗಲಿಲ್ಲ. ಹುಡುಗ ರೋಮಿನಲ್ಲಿ ಚರ್ಚಿನ ಕೈಯಲ್ಲೇ ಬೆಳೆದು ಪಾದ್ರಿಯಾದ, 1940ರಲ್ಲಿ ತೀರಿಕೊಂಡ. ಆ ಮನೆಗೆಲಸದ ಹುಡುಗಿ ದ್ವೇಷದಿಂದ ಏನೂ ಮಾಡಿರಲಿಲ್ಲ, ಮಗುವಿನ ಮೇಲಿನ ಕನಿಕರದಿಂದಲೇ ಮಾಡಿದ್ದಳು. ಯೆಹೂದ್ಯರ ಮನೆಯಲ್ಲಿ ಅನ್ನ ತಿನ್ನುತ್ತಾ ಗುಟ್ಟಾಗಿ ಅವರ ಮತಕ್ಕೆ ಕೈ ಹಾಕುವ ಕೆಲಸದವಳು ಎಂದರೆ ಅವರಿಗೆ ಇದೇ ನೆನಪಾಗುತ್ತದೆ. ನೀವು ಆ ಸಾಲಿಗೆ ಸೇರಬೇಡಿ.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಿಲ್ಲ, ಆದರೂ ಗೊತ್ತಿರಲಿ. ಇಸ್ರೇಲಿನಲ್ಲಿ ವಯಸ್ಕರಿಗೆ ನಮ್ಮ ನಂಬಿಕೆ ಹೇಳುವುದು ಅಪರಾಧವಲ್ಲ. ಇಲ್ಲಿ ಬಹಳ ಜನ ಅಪರಾಧ ಅಂದುಕೊಂಡಿದ್ದಾರೆ. ಆದರೆ 1977ರ ಕಾನೂನಿನ ಪ್ರಕಾರ ಮತ ಬದಲಿಸಲಿ ಎಂದು ದುಡ್ಡೋ ಬೇರೆ ಲಾಭವೋ ಕೊಟ್ಟವರಿಗೆ 5 ವರ್ಷದವರೆಗೆ, ತೆಗೆದುಕೊಂಡವರಿಗೆ 3 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಅಪ್ರಾಪ್ತರ ವಿಷಯದಲ್ಲಿ ಇನ್ನೂ ಬಿಗಿ. ಕೇರ್‌ಗಿವರ್ ವೀಸಾ ಕೊಡುವುದು ಆರೈಕೆಗೆ, ಬೇರೆ ಯಾವುದಕ್ಕೂ ಅಲ್ಲ. ಅಜ್ಜಿಯ ಮನೆಯವರು ಒಂದು ದೂರು ಕೊಟ್ಟರೆ ನಿಮ್ಮ ಕಥೆ ಮುಗಿದ ಹಾಗೆ. ಕರಾವಳಿಯಿಂದ ಅಲ್ಲಿ ಹೋಗಿ ದುಡಿಯುತ್ತಿರುವ ಉಳಿದ ಹೆಂಗಸರ ಮೇಲೂ ಅನುಮಾನದ ಕಣ್ಣು ಬೀಳುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ದಂಪತಿಗಳು ಮಾಡಿದ್ದಾರಾ? ಮಾಡಿದ್ದಾರೆ. ಬೈಬಲಿನಲ್ಲೇ ಇದ್ದಾರೆ, ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದ ಅಕ್ವಿಲ, ಪ್ರಿಸ್ಕಿಲ್ಲ. ಇಬ್ಬರೂ ರೋಮಿನಿಂದ ಹೊರಗೆ ಹಾಕಿಸಿಕೊಂಡು ಕೊರಿಂಥಕ್ಕೆ ಬಂದವರು, ಕಸುಬು ಗುಡಾರ ಮಾಡುವುದು. ಪೌಲ ಅವರ ಮನೆಯಲ್ಲೇ ಇದ್ದು ಅದೇ ಕೆಲಸ ಮಾಡಿದ. ಆಮೇಲೆ ಎಫೆಸದ ಸಭಾಮಂದಿರದಲ್ಲಿ ಅಪೊಲ್ಲೋಸ ಎಂಬ ಯೆಹೂದ್ಯ ಪಂಡಿತನ ಮಾತು ಕೇಳಿದ ಈ ಗಂಡಹೆಂಡತಿ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಆರು ಸಲ ಬರುತ್ತದೆ, ಆರು ಸಲವೂ ಜೊತೆಯಾಗಿಯೇ. ಗ್ರೀಕ್ ಮೂಲದ ಹಳೆಯ ಪ್ರತಿಗಳಲ್ಲಿ ಅದರಲ್ಲಿ ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ಆ ಕಾಲಕ್ಕೆ ಇದು ಸಣ್ಣ ವಿಷಯವಲ್ಲ. ಅಪೊಲ್ಲೋಸನಿಗೆ ಹೇಳಿಕೊಡುವಾಗ ಜಾಸ್ತಿ ಮಾತಾಡಿದವಳು ಪ್ರಿಸ್ಕಿಲ್ಲಳೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಯಜಮಾನರು ಆ ಕನ್ವೆನ್ಷನ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 1:16, "ಮೊದಲು ಯೆಹೂದ್ಯರಿಗೆ" ಎನ್ನುವ ವಾಕ್ಯ ಕೇಳಿಯೇ ಇರುತ್ತಾರೆ. ಅದೇ ಪತ್ರದ ಕೊನೆಯ ಅಧ್ಯಾಯ, 16:3 ಓದಲು ಹೇಳಿ. ಅಲ್ಲಿ ಯಾರ ಹೆಸರು ಮೊದಲಿದೆ ನೋಡಲಿ.

ಇನ್ನು ಇತಿಹಾಸದ ಜೋಡಿಗಳು. ಮೈಕೆಲ್ ಸಾಲಮನ್ ಅಲೆಗ್ಸಾಂಡರ್ 1799ರಲ್ಲಿ ಪ್ರಷ್ಯಾದ ಪೋಸನ್ ಸೀಮೆಯಲ್ಲಿ ಹುಟ್ಟಿದ ಯೆಹೂದ್ಯ. ಇಂಗ್ಲೆಂಡಿಗೆ ಬಂದು ಪ್ಲಿಮತ್ ಊರಿನ ಯೆಹೂದ್ಯರ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್‌ನಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಅಲ್ಲೇ ಡೆಬೊರಾ ಲೆವಿ ಎಂಬ ಯೆಹೂದ್ಯ ಹುಡುಗಿಯನ್ನು ಮದುವೆಯಾದರು. ಸ್ವಲ್ಪ ದಿನಕ್ಕೇ, 1825ರಲ್ಲಿ, ಅವರು ಕ್ರೈಸ್ತರಾದರು. ಕೆಲಸ ಹೋಯಿತು, ಸಮುದಾಯ ಹೋಯಿತು. ಡೆಬೊರಾ ದೀಕ್ಷಾಸ್ನಾನ ಪಡೆದದ್ದು ತಿಂಗಳುಗಳು ಕಳೆದ ಮೇಲೆ, ಅದೂ ಬೇರೆ ಊರಿನಲ್ಲಿ. ಆ ನಡುವಿನ ತಿಂಗಳುಗಳು ಅವರಿಗೆ ಹೇಗಿದ್ದವು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮದುವೆಯಾದದ್ದು ಸಿನಗಾಗ್‌ನ ಮನುಷ್ಯನನ್ನು, ವರ್ಷ ತುಂಬುವಷ್ಟರಲ್ಲಿ ಮನೆಯಲ್ಲಿರುವುದು ಬೇರೆಯೇ ಮನುಷ್ಯ. 1841ರಲ್ಲಿ ಅಲೆಗ್ಸಾಂಡರ್ ಜೆರುಸಲೇಮಿನ ಮೊದಲ ಆಂಗ್ಲಿಕನ್ ಬಿಷಪ್ ಆದರು. 1842ರ ಜನವರಿಯಲ್ಲಿ ಹೆಂಡತಿ ಮಕ್ಕಳ ಜೊತೆ ಆ ಊರಿಗೆ ಕಾಲಿಟ್ಟರು. ನಾಲ್ಕು ವರ್ಷವೂ ಆಗಿರಲಿಲ್ಲ, 1845ರ ನವೆಂಬರ್‌ನಲ್ಲಿ ಕೈರೋಗೆ ಹೋಗುವ ಮರುಭೂಮಿಯ ದಾರಿಯಲ್ಲಿ ರಾತ್ರಿ ತೀರಿಕೊಂಡರು. ಆಗ ಅವರಿಗೆ 46. ಮಕ್ಕಳನ್ನು ಕಟ್ಟಿಕೊಂಡು ಉಳಿದವರು ಡೆಬೊರಾ. ಬಿಷಪರ ಬಗ್ಗೆ ಪುಸ್ತಕಗಳಿವೆ, ಇವರ ಬಗ್ಗೆ ಹುಡುಕಿದರೆ ಒಂದೆರಡು ಪ್ಯಾರಾ ಸಿಗುತ್ತದೆ ಅಷ್ಟೆ.

ಅದೇ ಕಾಲದ ಜೋಸೆಫ್ ವುಲ್ಫ್ ಇನ್ನೊಂದು ಥರದ ಮನುಷ್ಯ. ಬವೇರಿಯಾದ ಯೆಹೂದ್ಯ, ಮೊದಲು ಕ್ಯಾಥೊಲಿಕ್, ಆಮೇಲೆ ಆಂಗ್ಲಿಕನ್. ಚದುರಿಹೋದ ಇಸ್ರಾಯೇಲ್ಯರನ್ನು ಹುಡುಕುತ್ತಾ ಬುಖಾರಾ, ಪಂಜಾಬ್, ಕಾಶ್ಮೀರ ಎಲ್ಲ ಸುತ್ತಿ ನಮ್ಮ ದೇಶಕ್ಕೂ ಬಂದಿದ್ದರು. 1827ರಲ್ಲಿ ಜಾರ್ಜಿಯಾನಾ ವಾಲ್ಪೋಲ್ ಎಂಬ ದೊಡ್ಡ ಮನೆತನದ ಹೆಂಗಸನ್ನು ಮದುವೆಯಾದರು. ಮಗ ಹುಟ್ಟಿದ್ದು ಮಾಲ್ಟಾ ದ್ವೀಪದಲ್ಲಿ. ಗಂಡ ಮಧ್ಯ ಏಷ್ಯಾದಲ್ಲಿ ಅಲೆಯುವಾಗ ಹೆಂಡತಿ ಕೂಸು ಹಿಡಿದುಕೊಂಡು ಮಾಲ್ಟಾದಲ್ಲಿ. ಇವರದ್ದನ್ನೂ "ದಂಪತಿಗಳ ಸೇವೆ" ಎಂದೇ ಬರೆಯುತ್ತಾರೆ.

ಇನ್ನೊಂದು ಜೋಡಿ ನನಗೆ ಜಾಸ್ತಿ ಇಷ್ಟ. 1839ರಲ್ಲಿ ಸ್ಕಾಟ್ಲೆಂಡ್ ಸಭೆ ನಾಲ್ಕು ಜನ ಪಾದ್ರಿಗಳನ್ನು ಯೆಹೂದ್ಯರ ಸ್ಥಿತಿ ನೋಡಿ ಬರಲು ಪ್ಯಾಲೆಸ್ಟೈನ್‌ಗೆ ಕಳಿಸಿತು. ಅದರಲ್ಲಿ ಒಬ್ಬರು ಒಂಟೆಯಿಂದ ಬಿದ್ದರು. ಹಾಗಾಗಿ ವಯಸ್ಸಾದ ಇಬ್ಬರು ಡ್ಯಾನ್ಯೂಬ್ ನದಿಯ ದಾರಿ ಹಿಡಿದು ವಾಪಸ್ ಹೊರಟರು, ಹಂಗೇರಿಯ ಪೆಸ್ಟ್ ನಗರದಲ್ಲಿ ಕಾಯಿಲೆ ಬಿದ್ದು ನಿಂತರು, ಅಲ್ಲಿನ ರಾಜಮನೆತನದ ಮಾರಿಯಾ ಡೊರೊಥಿಯಾ ಎಂಬ ಪ್ರೊಟೆಸ್ಟಂಟ್ ಹೆಂಗಸು ಅವರನ್ನು ನೋಡಲು ಬಂದರು. ಪ್ಯಾಲೆಸ್ಟೈನ್‌ನಲ್ಲಿ ಆಗಬೇಕೆಂದುಕೊಂಡ ಮಿಷನ್ 1841ರಲ್ಲಿ ಪೆಸ್ಟ್‌ನಲ್ಲಿ ಶುರುವಾಯಿತು. ಕರೆ ಇಂಥಾ ಊರಿಗೇ ಎಂದು ಬೆರಳಿಟ್ಟು ತೋರಿಸುವವರಿಗೆ ನಾನು ಈ ಒಂಟೆಯ ಕಥೆ ಹೇಳುತ್ತೇನೆ. ಅಲ್ಲಿಗೆ ಹೋದವರು ಜಾನ್ ಡಂಕನ್ ಮತ್ತು ಅವರ ಹೆಂಡತಿ ಜಾನೆಟ್. ಡಂಕನ್ ಹೀಬ್ರೂನಲ್ಲಿ ಎಷ್ಟು ಪಳಗಿದ್ದರು ಎಂದರೆ ಜನ ಅವರನ್ನು ಯೆಹೂದ್ಯ ಗುರುಗಳನ್ನು ಕರೆಯುವ ಹಾಗೆ "ರಬ್ಬಿ ಡಂಕನ್" ಎಂದೇ ಕರೆಯುತ್ತಿದ್ದರು. ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಹೊರಗೆ ನಿಂತು ಬೋಧಿಸುವ ಹಾಗಿರಲಿಲ್ಲ. ಡ್ಯಾನ್ಯೂಬ್ ಮೇಲೆ ಆಗ ದೊಡ್ಡ ತೂಗುಸೇತುವೆ ಕಟ್ಟುತ್ತಿದ್ದರು, ಅಲ್ಲಿ ಬ್ರಿಟಿಷ್ ಕೆಲಸಗಾರರಿದ್ದರು. ಅವರಿಗಾಗಿ ಇಂಗ್ಲಿಷ್ ಆರಾಧನೆ ನಡೆಸಿದರು. ಕುತೂಹಲ ಇದ್ದ ಯೆಹೂದ್ಯರು ಬಂದು ಕೂತರು. ಒಬ್ಬ ಗೌರವಸ್ಥ ವ್ಯಾಪಾರಿ ಇಸ್ರೇಲ್ ಸಾಫೀರ್ ಮನೆಯವರ ಸಮೇತ ಕ್ರೈಸ್ತರಾದರು. ಆಲ್ಫ್ರೆಡ್ ಎಡರ್ಶೈಮ್ ಕ್ರೈಸ್ತರಾದದ್ದೂ ಇಲ್ಲೇ. ಯೇಸುವಿನ ಕಾಲದ ಯೆಹೂದ್ಯ ಬದುಕಿನ ಬಗ್ಗೆ ಅವರು ಬರೆದ ದಪ್ಪ ಪುಸ್ತಕ ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿದ ಎಷ್ಟೋ ಪಾಸ್ಟರ್‌ಗಳ ಕಪಾಟಿನಲ್ಲಿ ಇರುತ್ತದೆ. ಈ ದಂಪತಿ ಯಾರ ಮನೆಗೂ ವೇಷ ಹಾಕಿಕೊಂಡು ನುಗ್ಗಲಿಲ್ಲ. ತಮ್ಮ ಮನೆ ಬಾಗಿಲು ತೆರೆದಿಟ್ಟರು, ಬಂದವರು ಬಂದರು.

ಅದೇ ಮಿಷನ್ನಿನ ಶಾಲೆಗೆ ಸುಮಾರು ತೊಂಬತ್ತು ವರ್ಷದ ಮೇಲೆ, 1932ರಲ್ಲಿ, ಜೇನ್ ಹೇನಿಂಗ್ ಎಂಬ ಸ್ಕಾಟಿಷ್ ಹೆಂಗಸು ಹಾಸ್ಟೆಲ್ ನೋಡಿಕೊಳ್ಳಲು ಬಂದರು. ಮದುವೆಯಾದವರಲ್ಲ, ಆದರೂ ಇವರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಯುದ್ಧ ಶುರುವಾದಾಗ ಊರಿಗೆ ವಾಪಸ್ ಬಾ ಎಂದು ಸಭೆ ಹೇಳಿತು. ಹಾಸ್ಟೆಲಿನಲ್ಲಿದ್ದ ಯೆಹೂದ್ಯ ಹುಡುಗಿಯರನ್ನು ಬಿಟ್ಟು ಬರುವುದಿಲ್ಲ ಎಂದರು. 1944ರಲ್ಲಿ ನಾಜಿಗಳು ಹಿಡಿದುಕೊಂಡು ಹೋದರು, ಆಶ್ವಿಟ್ಜ್‌ನಲ್ಲಿ ಸತ್ತರು. 1997ರಲ್ಲಿ ಯೆಹೂದ್ಯರ ಹತ್ಯಾಕಾಂಡದ ನೆನಪಿಗಾಗಿ ಇರುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರಿಗೆ ಗೌರವ ಕೊಟ್ಟಿತು. ಎಷ್ಟು ಜನರಿಗೆ ದೀಕ್ಷಾಸ್ನಾನ ಮಾಡಿಸಿದೆ ಎಂದು ಯಾರೂ ಅವರನ್ನು ಕೇಳಲಿಲ್ಲ.

ಹತ್ತಿರದ ಕಾಲದ ಜೋಡಿ ಎಂದರೆ ಮೊಯಿಶೆ ರೋಸನ್ ಮತ್ತು ಸೀಲ್ ರೋಸನ್. ಅಮೆರಿಕದ ಡೆನ್ವರ್‌ನಲ್ಲಿ ಬೆಳೆದ ಯೆಹೂದ್ಯರು, 1950ರಲ್ಲಿ ಮದುವೆ, ಆಗ ಇಬ್ಬರೂ ಚಿಕ್ಕ ವಯಸ್ಸಿನವರು. 1953ರಲ್ಲಿ ಮೊದಲು ಯೇಸುವನ್ನು ನಂಬಿದವರು ಸೀಲ್. ಗಂಡನಿಗೆ ಸಿಟ್ಟು. ವಾದ ಮಾಡಿ ಸೋಲಿಸಬೇಕು ಎಂದೇ ಹೆಂಡತಿ ಓದುತ್ತಿದ್ದುದನ್ನು ತಾನೂ ಓದಿ, ಕೆಲವು ವಾರಗಳಲ್ಲಿ ತಾನೇ ನಂಬಿದರು. ಆಮೇಲೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ, 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ "ಜ್ಯೂಸ್ ಫಾರ್ ಜೀಸಸ್" (ಯೇಸುವಿಗಾಗಿ ಯೆಹೂದ್ಯರು) ಸಂಸ್ಥೆ ಕಟ್ಟಿದರು. ಬೀದಿಯಲ್ಲಿ ನಿಂತು ತಮಾಷೆ ಚಿತ್ರದ ಕರಪತ್ರ ಹಂಚುವುದು ಅವರ ಶೈಲಿ. ಪಸ್ಕ ಹಬ್ಬದ ಬಗ್ಗೆ ಗಂಡಹೆಂಡತಿ ಸೇರಿಯೇ ಒಂದು ಪುಸ್ತಕ ಬರೆದರು. ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಲ್ಲಿ ಕರಪತ್ರ ಹಂಚಲು ಬಿಡಲಿಲ್ಲ ಎಂದು ಸಂಸ್ಥೆ ಕೋರ್ಟಿಗೆ ಹೋಗಿ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸರ್ವಾನುಮತದಿಂದ ಗೆದ್ದಿತು. ಇನ್ನೊಂದು ಕಡೆ, ಯೆಹೂದ್ಯ ಸಂಸ್ಥೆಗಳಿಗೆ ಇವರ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. "ಜ್ಯೂಸ್ ಫಾರ್ ಜುಡಾಯಿಸಮ್" (ಯೆಹೂದ್ಯ ಮತಕ್ಕಾಗಿ ಯೆಹೂದ್ಯರು) ಎಂಬ ಎದುರು ಸಂಸ್ಥೆಯೇ ಹುಟ್ಟಿತು. ಮೊಯಿಶೆ 2010ರಲ್ಲಿ ತೀರಿಕೊಂಡರು. ಅವರ ವಿಧಾನ ನನಗೆ ಅಷ್ಟು ರುಚಿಸುವುದಿಲ್ಲ. ಆದರೆ ಒಂದು ಒಪ್ಪಬೇಕು, ಎದೆಯ ಮೇಲೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ನಿಂತರು, ಬಚ್ಚಿಡಲಿಲ್ಲ.

ಇಲ್ಲಿಯವರೆಗೆ ಹೇಳಿದವರಲ್ಲಿ ಹೆಚ್ಚಿನವರು ಹುಟ್ಟಿನಿಂದ ಯೆಹೂದ್ಯರು ಎಂಬುದನ್ನು ಗಮನಿಸಿ. ಅವರು ಕಳಕೊಂಡದ್ದು ತಮ್ಮದೇ ಮನೆ. ನಾವು ಹೊರಗಿನವರು. ನಮಗೆ ಅಲ್ಲಿ ಕಳಕೊಳ್ಳಲು ಏನಿದೆ? ವಾಪಸ್ ಟಿಕೆಟ್ ತಗೊಂಡರೆ ಆಯಿತು. ಕ್ರೈಸ್ತನಾದ ಯೆಹೂದ್ಯನಿಗೆ ಹಾಗಲ್ಲ. ಗ್ಯಾರಿ ಮತ್ತು ಶರ್ಲಿ ಬೆರೆಸ್‌ಫರ್ಡ್ ಎಂಬ ಯೆಹೂದ್ಯ ದಂಪತಿ ಆಫ್ರಿಕಾದಿಂದ ಇಸ್ರೇಲಿಗೆ ಬಂದು, ಯೆಹೂದ್ಯರಿಗೆ ಸಿಗುವ ಪೌರತ್ವ ಕೇಳಿದರು. ಯೇಸುವೇ ಮೆಸ್ಸೀಯ, ಅಂದರೆ ಯೆಹೂದ್ಯರು ಕಾಯುತ್ತಿರುವ ರಕ್ಷಕ ಎಂದು ನಂಬುತ್ತೇವೆ ಎಂಬುದನ್ನೂ ಮುಚ್ಚಿಡಲಿಲ್ಲ. ನೀವು ಬೇರೆ ಮತಕ್ಕೆ ಸೇರಿದವರು, ಆ ಕಾನೂನು ನಿಮಗೆ ಅನ್ವಯಿಸುವುದಿಲ್ಲ ಎಂದು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಯೆಹೂದ್ಯರಿಗೆ ಸುವಾರ್ತೆ ಹೇಳುವುದು ಎಂದರೆ ಕೇಳಿದವರನ್ನು ಇಂಥಾ ಬಾಗಿಲ ಮುಂದೆ ನಿಲ್ಲಿಸುವುದೂ ಹೌದು.

ಅವರಿಗೆ "ಕ್ರೈಸ್ತ" ಎಂಬ ಪದ ನಮಗೆ ಕೇಳಿಸಿದ ಹಾಗೆ ಕೇಳಿಸುವುದಿಲ್ಲ. ನಾವು ಶಿಲುಬೆ ನೋಡಿದರೆ ಕ್ಷಮೆ ಎನ್ನುತ್ತೇವೆ. 1096ರಲ್ಲಿ ರೈನ್ ನದಿ ದಡದ ಊರುಗಳಲ್ಲಿ ಅದೇ ಶಿಲುಬೆಯನ್ನು ಬಟ್ಟೆಗೆ ಹೊಲಿದುಕೊಂಡವರು ಯೆಹೂದ್ಯರನ್ನು ಕೊಂದರು. 1492ರಲ್ಲಿ ಸ್ಪೇನ್ ಅವರನ್ನು ಓಡಿಸಿತು. ನಾವು ಪ್ರೊಟೆಸ್ಟಂಟರು ಹೆಮ್ಮೆಯಿಂದ ಹೇಳುವ ಲೂಥರ್ 1543ರಲ್ಲಿ ಅವರ ಸಿನಗಾಗ್‌ಗಳನ್ನು ಸುಡಿ ಎಂದೇ ಬರೆದರು. ದೂರ ಯಾಕೆ, ನಮ್ಮ ಪಕ್ಕದ ಗೋವೆಯಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಯೆಹೂದ್ಯ ಮೂಲದ ಕ್ರೈಸ್ತರು ಗುಟ್ಟಾಗಿ ಹಳೇ ಆಚಾರ ಮಾಡುತ್ತಾರಾ ಎಂದು ಹುಡುಕಿ ಹುಡುಕಿ ಶಿಕ್ಷಿಸಿತು. ಹೈಫಾದಲ್ಲಿ ನೀವೇ ಕೇಳಿರಬೇಕು, "ಮಿಸ್ಯೊನೆರ್" (ಮಿಷನರಿ) ಎನ್ನುವ ಪದವನ್ನು ಅಲ್ಲಿ ಬೈಗುಳದ ಹಾಗೆ ಬಳಸುತ್ತಾರೆ.

ನನ್ನದೂ ಒಂದು ತಪ್ಪಿದೆ, ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ಒಂದು ಭಾನುವಾರ ಯೇಸುವಿನ ಕಾಲದ ಯೆಹೂದ್ಯ ಪಂಗಡವಾದ ಫರಿಸಾಯರ ಕಪಟದ ಬಗ್ಗೆ ಜೋರಾಗಿ ಪ್ರಸಂಗ ಮಾಡಿದೆ. ಹಿಂದಿನ ಬೆಂಚಿನಲ್ಲಿ ಸ್ನೇಹಿತರೊಬ್ಬರ ಜೊತೆ ಬಂದ ಯೆಹೂದ್ಯ ಅತಿಥಿಯೊಬ್ಬರು ಕೂತಿದ್ದರು, ನನಗೆ ಗೊತ್ತಿರಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಅವರು ಮೆತ್ತಗೆ ಕೇಳಿದರು, "ನಮ್ಮ ರಬ್ಬಿಗಳೆಲ್ಲ ಆ ಫರಿಸಾಯರ ಪರಂಪರೆಯವರು ಅಂತ ನಿಮಗೆ ಗೊತ್ತಿದೆಯಲ್ಲ?" ಪುಸ್ತಕದಲ್ಲಿ ಓದಿದ್ದೆ. ಆದರೆ ನನ್ನ ಮಾತನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ಅವರ ಅಜ್ಜ ಕೂತಿರಬಹುದು ಎಂದು ಹೊಳೆದೇ ಇರಲಿಲ್ಲ. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲೇ ನಡೆದ ಒಂದು ಪ್ರಸಂಗ ನಿಮ್ಮ ಯಜಮಾನರಿಗೆ ಉಪಯೋಗಕ್ಕೆ ಬರಬಹುದು. ಅಲಿಬಾಗ್ ಸುತ್ತಿನ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಯೆಹೂದ್ಯರಿದ್ದರು. ಎಣ್ಣೆ ಗಾಣದ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಊರವರು ಅವರನ್ನು "ಶನಿವಾರ ತೇಲಿ" (ಶನಿವಾರದ ಗಾಣಿಗರು) ಎಂದು ಕರೆದರು. ಜಾನ್ ವಿಲ್ಸನ್ ಮತ್ತು ಮಾರ್ಗರೆಟ್ ವಿಲ್ಸನ್ ಎಂಬ ಸ್ಕಾಟಿಷ್ ದಂಪತಿ 1829ರಲ್ಲಿ ಮುಂಬೈಗೆ ಬಂದರು. ಮಾರ್ಗರೆಟ್ ಹುಡುಗಿಯರಿಗೆ ಶಾಲೆ ತೆರೆದರು, 1835ರಲ್ಲೇ ತೀರಿಕೊಂಡರು. ಜಾನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. ಬೆನೆ ಇಸ್ರೇಲ್ ಮಕ್ಕಳು ಮಿಷನ್ ಶಾಲೆಗಳಿಗೆ ಬಂದರು. ಹೀಬ್ರೂ ಕಲಿತರು, ಇಂಗ್ಲಿಷ್ ಕಲಿತರು, ಮರಾಠಿ ಬೈಬಲಿನಲ್ಲಿ ತಮ್ಮದೇ ಹಿರಿಯರ ಕಥೆ ಓದಿದರು. ಆಮೇಲೆ ಕ್ರೈಸ್ತರಾದರಾ? ಬೆರಳೆಣಿಕೆಯಷ್ಟು ಜನ ಬಿಟ್ಟರೆ ಇಲ್ಲ. ಕಲಿತದ್ದನ್ನೆಲ್ಲ ತಗೊಂಡು ಇನ್ನೂ ಒಳ್ಳೆಯ ಯೆಹೂದ್ಯರಾದರು! ಮಿಷನ್ನಿನ ಲೆಕ್ಕದ ಪುಸ್ತಕದಲ್ಲಿ ಇದು ಸೋಲು. ನನ್ನನ್ನು ಕೇಳಿದರೆ ಈ ಸೇವೆಯ ಇಡೀ ಇತಿಹಾಸದಲ್ಲೇ ಇದಕ್ಕಿಂತ ಚಂದದ ಫಲ ಇನ್ನೊಂದಿಲ್ಲ. ನಿಮ್ಮವರನ್ನು ಕೇಳಿ ನೋಡಿ, ಹತ್ತು ವರ್ಷ ಕೆಲಸ ಮಾಡಿ ಕೊನೆಗೆ ಹೀಗೇ ಆದರೆ ಒಪ್ಪಿಗೆಯಾ ಅಂತ. ಅವರ ಉತ್ತರದಲ್ಲಿ ಕರೆಯ ಬಗ್ಗೆ ಬಹಳಷ್ಟು ಗೊತ್ತಾಗುತ್ತದೆ.

ಚರ್ಚುಗಳಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲ. ಯೆಹೂದ್ಯರನ್ನೇ ಗುರಿಯಾಗಿಸಿಕೊಂಡ ಸಾಂಸ್ಥಿಕ ಮಿಷನ್ ಕೆಲಸವನ್ನು ತಾನು ಮಾಡುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಎಂದು 2015ರಲ್ಲಿ ವ್ಯಾಟಿಕನ್ ಹೇಳಿತು. ಆಂಗ್ಲಿಕನ್ನರಲ್ಲಿ, ಯೆಹೂದ್ಯರ ನಡುವೆ ಕೆಲಸ ಮಾಡುವ ಹಳೇ ಸಂಸ್ಥೆಗೆ ಪೋಷಕರಾಗಲು ಆರ್ಚ್‌ಬಿಷಪ್ ಜಾರ್ಜ್ ಕ್ಯಾರಿ 1992ರಲ್ಲಿ ಒಪ್ಪಲಿಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1996ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ನಿರ್ಣಯ ಮಾಡಿದರು. ನಾನು ನಡುವೆ ಎಲ್ಲೋ ಇದ್ದೇನೆ. ನಂಬಿದ್ದನ್ನು ಯಾರಿಗೂ ಹೇಳಲೇಬಾರದು ಎಂದು ನನಗೆ ಅನ್ನಿಸುವುದಿಲ್ಲ. ಒಂದು ಜನಾಂಗವನ್ನು ಪಟ್ಟಿ ಮಾಡಿಕೊಂಡು ಹಿಂದೆ ಬೀಳುವುದು ಮಾತ್ರ ಸರಿ ಕಾಣುವುದಿಲ್ಲ.

ಆ ಕನ್ವೆನ್ಷನ್‌ನಲ್ಲಿ ಏನು ಹೇಳಿದರು ಎಂದು ನೀವು ಬರೆದಿಲ್ಲ, ಆದರೆ ಊಹೆ ಮಾಡಬಲ್ಲೆ. ಈಗ ನಮ್ಮ ಕೆಲವು ಪ್ರಾರ್ಥನಾ ಮಂದಿರಗಳಲ್ಲಿ ಇಸ್ರೇಲ್ ಬಾವುಟ ಇರುತ್ತದೆ, ಶೋಫಾರ್ ಕೊಂಬು ಊದುತ್ತಾರೆ, ಅಂತ್ಯಕಾಲದ ಚಾರ್ಟ್ ತೂಗುಹಾಕುತ್ತಾರೆ. ಯೆಹೂದ್ಯರು ತಿರುಗಿಕೊಂಡರೆ ಕರ್ತನು ಬೇಗ ಬರುತ್ತಾನೆ ಎಂಬ ಲೆಕ್ಕ. ಆ ಚಾರ್ಟಿನಲ್ಲಿ ನಿಮ್ಮ ಅಜ್ಜಿ ಎಲ್ಲಿದ್ದಾರೆ ಹೇಳಿ. ಅವರ ಮಂಡಿನೋವು, ಶುಕ್ರವಾರ ಸಂಜೆ ಅವರು ಹಚ್ಚುವ ದೀಪ, ಅವರ ಮಗಳ ಫೋನು, ಇದ್ಯಾವುದೂ ಅದರಲ್ಲಿ ಇಲ್ಲ. ನಿಮ್ಮ ಯಜಮಾನರಿಗೆ ಪ್ರೀತಿ ಇರುವುದು ಚಾರ್ಟಿನ ಮೇಲೋ ಜನರ ಮೇಲೋ ಎನ್ನುವುದ‌ನ್ನು ಅವರೇ ಹೇಳಬೇಕು. ಅವರು ಕೆಟ್ಟವರಲ್ಲ, ನಿಮ್ಮ ಪತ್ರದಲ್ಲೇ ಅದು ಗೊತ್ತಾಗುತ್ತದೆ. ಹುರುಪಿನಲ್ಲಿದ್ದಾರೆ ಅಷ್ಟೆ.

ಈಗ ನಿಮ್ಮ ಭಯದ ಬಗ್ಗೆ. "ಅಡ್ಡ ಬಂದವಳು" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಬ್ಬರನ್ನೂ ಕರೆದಿದ್ದಾನೆ ಎಂದ ಮೇಲೆ ನಿಮಗೂ ಕೇಳಿಸಬೇಕು ತಾನೆ? ಒಬ್ಬರಿಗೆ ಕೇಳಿಸಿ ಇನ್ನೊಬ್ಬರು ಬರೀ ಹೊರೆ ಹೊತ್ತರೆ, ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ. ಅಪೊಸ್ತಲರ ಕೃತ್ಯಗಳು 13ರಲ್ಲಿ ನೋಡಿ, ಪೌಲ ಬಾರ್ನಬರಿಗೆ ಕರೆ ಬಂದದ್ದು ಸಭೆಯವರು ಕೂಡಿ ಪ್ರಾರ್ಥಿಸುವಾಗ, ಸಭೆಯೇ ಕೈಯಿಟ್ಟು ಕಳಿಸಿತು. 16ರಲ್ಲಿ ಅದೇ ಪೌಲ ಬಿಥೂನ್ಯಕ್ಕೆ ಹೋಗಬೇಕೆಂದು ಹೊರಟರೆ ಆತ್ಮವೇ ಬಿಡಲಿಲ್ಲ. ಪೌಲನಿಗೇ ಬೇಡ ಅನ್ನಿಸಿಕೊಳ್ಳಬೇಕಾಯಿತು. ನೀವು ಇನ್ನೊಂದು ಬಲಿಯನ್ನೂ ಕೊಟ್ಟಿದ್ದೀರಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದ ಹಾಗಿಲ್ಲ. ಮಗನಿಗೆ ಒಂಬತ್ತು ಎಂದರೆ, ನೀವು ಹೋದಾಗ ಅವನಿಗೆ ಒಂದು. ಅವನು ಅಮ್ಮ ಎಂದು ಫೋನಿನ ಪರದೆಗೆ ಹೇಳಿ ಬೆಳೆದವನು. ಮತ್ತೆ ನೀವೇ ಮೊದಲು ಹೋಗಬೇಕು, ಅವರು "ಹಿಂದಿನಿಂದ" ಬರುತ್ತಾರೆ ಎನ್ನುವುದನ್ನು ಒಪ್ಪುವ ಮೊದಲು ಆ ಹುಡುಗನ ಮುಖ ನೋಡಿ.

ಇಷ್ಟಾದರೂ ನಿಮ್ಮಿಬ್ಬರಿಗೂ ಯೆಹೂದ್ಯರ ಮೇಲೆ ನಿಜವಾದ ಕಾಳಜಿ ಇದ್ದರೆ, ಆತುರ ಪಡದೆ ಒಂದು ವರ್ಷ ತಗೊಳ್ಳಿ. ಇಬ್ಬರೂ ಬೇರೆ ಬೇರೆ ಕೂತು ಯಾಕೆ ಹೋಗಬೇಕು, ಯಾಕೆ ಬೇಡ ಅಂತ ಒಂದು ಹಾಳೆ ಬರೆದು ಆಮೇಲೆ ಬದಲಾಯಿಸಿಕೊಂಡು ಓದಿ, ನಿಮ್ಮ ಸಭಾಪಾಲಕರಿಗೂ ಕೊಡಿ. ಯಾವುದಾದರೂ ಸಂಸ್ಥೆ ಕಳಿಸುತ್ತೇವೆ ಎಂದು ಬಂದರೆ ಮುಜುಗರ ಪಡದೆ ಕೇಳಿ: ಸಂಬಳ ಒಬ್ಬರಿಗೋ ಇಬ್ಬರಿಗೋ? ಅಲ್ಲಿ ನಾವು ಯಾರು ಎಂದು ಹೇಳಿಕೊಂಡು ಇರುತ್ತೇವಾ, ಬೇರೆ ವೇಷದಲ್ಲಾ? ತಿಂಗಳಿಗೆ ಎಷ್ಟು ತಲೆ ಎಂದು ಲೆಕ್ಕ ಕೇಳುತ್ತೀರಾ? ಮಗನ ಶಾಲೆ? ಒಂದು ಉತ್ತರ ಗೊಣಗೊಣ ಆದರೂ ಎದ್ದು ಬನ್ನಿ. ಇಸ್ರೇಲಿನಲ್ಲಿ ಯೇಶುವಾನನ್ನು (ಯೇಸುವಿನ ಹೀಬ್ರೂ ಹೆಸರು) ಮೆಸ್ಸೀಯ ಎಂದು ನಂಬುವ ಯೆಹೂದ್ಯರ ಸಭೆಗಳೇ ಇವೆ, ಹೀಬ್ರೂನಲ್ಲೇ ಆರಾಧನೆ. ಅವರ ಜನರಿಗೆ ಹೇಳುವುದಿದ್ದರೆ ಅವರೇ ನಮಗಿಂತ ಸಾವಿರ ಪಾಲು ಚೆನ್ನಾಗಿ ಹೇಳುತ್ತಾರೆ. ದುಡಿಮೆಗಾಗಿ ನೀವು ಮತ್ತೆ ಹೋಗಲೇಬೇಕಾಗಿ ಬಂದರೆ ಹೋಗಿ, ಅದು ಮರ್ಯಾದೆಯ ಕೆಲಸ. ಆದರೆ ಆರೈಕೆಗೆ ಹೋದರೆ ಆರೈಕೆ ಮಾತ್ರ.

ನಿಮ್ಮ ಯಜಮಾನರಿಗೆ ಇವತ್ತಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಅವರಿಗೆ ಹೀಬ್ರೂ ಬರುವುದಿಲ್ಲ, ನಿಮಗೆ ಬರುತ್ತದೆ. ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಅವರನ್ನು ಕೂರಿಸಿಕೊಂಡು ಕಲಿಸಿ, ಮಗನೂ ಕೂರಲಿ. ಮಾತು ಮೊದಲು, ಅಕ್ಷರ ಆಮೇಲೆ. ಅಜ್ಜಿಯ ಮಗಳು ಮುಂದಿನ ಶುಕ್ರವಾರ ಫೋನ್ ಮಾಡಿದಾಗ ಅವರ ಕೈಗೆ ಕೊಡಿ, "ಶಬ್ಬಾತ್ ಶಾಲೋಮ್, ನಿಮ್ಮ ಅಮ್ಮ ಹೇಗಿದ್ದಾರೆ?" ಎಂದಷ್ಟು ಕೇಳಲಿ. ಬೇರೇನೂ ಹೇಳುವುದು ಬೇಡ, ಅವರು ಹೇಳುವುದನ್ನು ಕೇಳಿಸಿಕೊಳ್ಳಲಿ. ಅರ್ಥವಾಗದ್ದನ್ನು ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ.